ಡಿಲೀಟ್ ಮಾಡುವ ಬದಲು ಆಫ್ ಮಾಡಿ ಇಡುವುದರಲ್ಲಿ ಏನು ಲಾಭ?

ಹೊಸರಾಗ:

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್‌ನಲ್ಲಿ ಹಾಡು ಕಟ್ಟುವುದನ್ನು ಈಗಷ್ಟೇ ಕಲಿಯುತ್ತಿದ್ದೇನೆ. ಬಳಸುತ್ತಿರುವುದು ಏಬಲ್ಟನ್ ಲೈವ್ ಅನ್ನುವ ಸಾಫ್ಟ್‌ವೇರ್. ಗೆಳೆಯನೊಬ್ಬ ನೋಡಿ ಕಲಿತುಕೋ ಅಂತ ತನ್ನ ಪ್ರಾಜೆಕ್ಟ್ ಕಳಿಸಿದ್ದ. ತೆರೆದು ನೋಡಿದರೆ ಅರ್ಧಕ್ಕರ್ಧ ಬೂದು ಬಣ್ಣ! ಕ್ಲಿಪ್‌ಗಳು (ಹಾಡಿನ ತುಣುಕುಗಳು) ಆಫ್, ಕ್ಲಿಪ್ ಒಳಗಿನ ಕೆಲವು ನೋಟ್‌ಗಳು ಆಫ್, ಒಂದೊಂದು ಟ್ರ್ಯಾಕ್‌ನಲ್ಲಿ ಎರಡು ಮೂರು ಪ್ಲಗಿನ್‌ಗಳೂ (ಶಬ್ದ ಹುಟ್ಟಿಸುವ, ತಿದ್ದುವ ಚಿಕ್ಕ ಸಾಫ್ಟ್‌ವೇರ್‌ಗಳು) ಆಫ್. ಬೇಡ ಅಂದ ಮೇಲೆ ತೆಗೆದು ಹಾಕಬಹುದಲ್ವಾ? ಸುಮ್ನೆ ಯಾಕೆ ಇಟ್ಟುಕೊಂಡಿದ್ದಾನೆ? ಕೇಳಿದರೆ "ಇರಲಿ ಬಿಡು, ಬೇಕಾಗುತ್ತೆ" ಅನ್ನುತ್ತಾನೆ, ಅಷ್ಟೇ.

ಇನ್ನೊಂದು ಗೊಂದಲವೂ ಇದೆ. ನನ್ನ ಲ್ಯಾಪ್‌ಟಾಪ್ ಹಳೆಯದು. ಟ್ರ್ಯಾಕ್‌ಗಳು ಜಾಸ್ತಿ ಆದರೆ ಚಟಪಟ ಶಬ್ದ ಶುರುವಾಗುತ್ತದೆ. ಬೇಡದ ಟ್ರ್ಯಾಕ್‌ಗಳನ್ನೆಲ್ಲ ಮ್ಯೂಟ್ ಮಾಡಿ ನೋಡಿದೆ. ಸಿಪಿಯು ಮೀಟರ್ ಮಾತ್ರ ಕೆಳಗೆ ಇಳಿಯುವುದೇ ಇಲ್ಲ. ಕೇಳಿಸದೇ ಇರುವ ಶಬ್ದಕ್ಕೂ ಕಂಪ್ಯೂಟರ್ ಯಾಕೆ ದುಡಿಯುತ್ತಿದೆ?

ಬಾಸ್‌ಲೈನ್:

ಚಿಕ್ಕದಾಗಿ ಹೇಳುತ್ತೇನೆ, ಉದ್ದದ್ದನ್ನು ಫೇಡರ್‌ಅಕ್ಕ ಬಂದು ಬರೆಯುತ್ತಾರೆ.

"ಅಂಡೂ ಇದೆಯಲ್ಲ, ಡಿಲೀಟ್ ಮಾಡಿದರೇನು" ಅಂತ ಹಲವರು ಅಂದುಕೊಳ್ಳುತ್ತಾರೆ. ಅಂಡೂ ಹೋಗುವುದು ಒಂದೇ ದಾರಿಯಲ್ಲಿ, ಹಿಂದಕ್ಕೆ. ಸೋಮವಾರ ಅಳಿಸಿದ ಒಂದು ನೋಟ್ ಗುರುವಾರ ಬೇಕಾದರೆ ನಡುವೆ ಮಾಡಿದ ಕೆಲಸವನ್ನೆಲ್ಲ ಬಿಚ್ಚಬೇಕು. ಅದೂ ಅಲ್ಲದೆ ಲೈವ್‌ನಲ್ಲಿ ಫೈಲ್ ಮುಚ್ಚಿ ಮತ್ತೆ ತೆರೆದರೆ ಅಂಡೂ ಪಟ್ಟಿ ಖಾಲಿ. ಆಫ್ ಮಾಡಿದ್ದು ಹಾಗಲ್ಲ. ಬೇರೆ ಯಾವುದನ್ನೂ ಮುಟ್ಟದೆ ಅದೊಂದನ್ನೇ ವಾಪಸ್ ತರಬಹುದು.

ಕ್ಲಿಪ್ ಆಗಲಿ ನೋಟ್ ಆಗಲಿ, ಸೆಲೆಕ್ಟ್ ಮಾಡಿ ಕೀಬೋರ್ಡ್‌ನಲ್ಲಿ ಸೊನ್ನೆ ಒತ್ತಿ. ಆಫ್. ಮತ್ತೆ ಸೊನ್ನೆ ಒತ್ತಿದರೆ ಆನ್.

ಫೇಡರ್‌ಅಕ್ಕ:

ಬಂದೆ ಮಾರಾಯ.

ಹೊಸರಾಗ, ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ತಿಳಿದರೆ ಮೊದಲನೆಯದು ಅರ್ಧ ಬಗೆಹರಿದ ಹಾಗೆ.

ಮ್ಯೂಟ್ ಕೆಲಸ ಮಾಡುವುದು ಟ್ರ್ಯಾಕ್‌ನ ಕೊನೆಯಲ್ಲಿ, ಫೇಡರ್ (ಸದ್ದು ಏರಿಸಿ ಇಳಿಸುವ ಗುಂಡಿ) ಹತ್ತಿರ. ಅದಕ್ಕಿಂತ ಮುಂಚೆ ಕೂತಿರುವ ಸಿಂಥ್ (ಶಬ್ದ ಹುಟ್ಟಿಸುವುದು), ಈಕ್ಯೂ (ಬಾಸ್, ಟ್ರೆಬಲ್‌ನಂಥವನ್ನು ಏರಿಸಿ ಇಳಿಸುವುದು), ಕಂಪ್ರೆಸರ್ (ಜೋರಾದದ್ದನ್ನು ತಗ್ಗಿಸುವುದು) ಎಲ್ಲವೂ ಎಂದಿನಂತೆ ಲೆಕ್ಕ ಹಾಕುತ್ತಲೇ ಇರುತ್ತವೆ. ತಯಾರಾದ ಶಬ್ದ ಹೊರಗೆ ಹೋಗುವುದಿಲ್ಲ ಅಷ್ಟೇ. ಹೀಗೆ ಇಟ್ಟಿರುವುದಕ್ಕೆ ಕಾರಣ ಇದೆ. ಮ್ಯೂಟ್ ತೆಗೆದ ಆ ಗಳಿಗೆಯಲ್ಲೇ ಶಬ್ದ ಬರಬೇಕು, ತಾಳದ ನಟ್ಟ ನಡುವೆ ಬೇಕಾದರೂ. ಅದಕ್ಕೆ ಎಲ್ಲವೂ ಓಡುತ್ತಲೇ ಇರಬೇಕು.

ಇನ್ನೊಂದು ಕಾರಣ, ಮ್ಯೂಟ್ ಆದ ಟ್ರ್ಯಾಕ್‌ನಿಂದ ಬೇರೆ ಕಡೆ ಕೆಲಸ ನಡೆಯುತ್ತಿರಬಹುದು. ಕಿಕ್ (ದೊಡ್ಡ ಡ್ರಮ್) ಬಡಿದಾಗಲೆಲ್ಲ ಬಾಸ್ ತಗ್ಗಲಿ ಅಂತ ಸೈಡ್‌ಚೈನ್ ಹಾಕುತ್ತೇವಲ್ಲ. ಲೈವ್‌ನ ಕಂಪ್ರೆಸರ್‌ನಲ್ಲಿ ಸೈಡ್‌ಚೈನ್ ಎಲ್ಲಿಂದ ತೆಗೆದುಕೊಳ್ಳಬೇಕು ಅಂತ ಮೂರು ಆಯ್ಕೆ ಇದೆ: ಪ್ರೀ ಎಫ್‌ಎಕ್ಸ್ (ಎಫೆಕ್ಟ್‌ಗಳಿಗಿಂತ ಮುಂಚೆ), ಪೋಸ್ಟ್ ಎಫ್‌ಎಕ್ಸ್ (ಎಫೆಕ್ಟ್‌ಗಳ ನಂತರ), ಪೋಸ್ಟ್ ಮಿಕ್ಸರ್ (ಫೇಡರ್, ಮ್ಯೂಟ್ ನಂತರ). ಮೊದಲೆರಡರಲ್ಲಿ ಯಾವುದಿದ್ದರೂ, ಕಿಕ್ ಮ್ಯೂಟ್ ಮಾಡಿದ ಮೇಲೂ ಬಾಸ್ ಅದರ ತಾಳಕ್ಕೆ ತಗ್ಗುತ್ತಾ ಏಳುತ್ತಾ ಇರುತ್ತದೆ. ಕಿಕ್ ಇಲ್ಲದ ಕಡೆಯೂ ಆ ಏರಿಳಿತ ಬೇಕು ಅನ್ನುವವರು ಬೇಕೆಂದೇ ಒಂದು ಮೂಕ ಕಿಕ್ ಟ್ರ್ಯಾಕ್ ಇಟ್ಟುಕೊಳ್ಳುತ್ತಾರೆ. ಅದು ನಿಲ್ಲಬೇಕಾದರೆ ಕಿಕ್‌ನ ಕ್ಲಿಪ್ಪನ್ನೇ ಆಫ್ ಮಾಡಬೇಕು. ನಿಮ್ಮ ಗೆಳೆಯನ ಪ್ರಾಜೆಕ್ಟ್‌ನಲ್ಲಿ ಟ್ರ್ಯಾಕ್ ಆನ್ ಇದ್ದು ಕ್ಲಿಪ್‌ಗಳು ಮಾತ್ರ ಬೂದು ಆಗಿರುವುದಕ್ಕೆ ಇದೂ ಒಂದು ಕಾರಣ ಇರಬಹುದು, ನೋಡಿ.

ಹಾಗಾಗಿ ಸಿಪಿಯು ಉಳಿಯಬೇಕಾದರೆ ಮ್ಯೂಟ್ ಬಟನ್ ಬಿಡಿ, ಡಿವೈಸ್‌ಗಳನ್ನು (ಟ್ರ್ಯಾಕ್‌ನಲ್ಲಿ ಹಾಕಿದ ಪ್ಲಗಿನ್, ಎಫೆಕ್ಟ್‌ಗಳನ್ನು) ಆಫ್ ಮಾಡಿ. ಲೈವ್‌ನಲ್ಲಿ ಪ್ರತಿ ಡಿವೈಸ್‌ನ ಹೆಸರಿನ ಎಡಗಡೆ ದುಂಡಗಿನ ಸ್ವಿಚ್ ಇದೆ. ಅದನ್ನು ಆಫ್ ಮಾಡಿದರೆ ಆ ಡಿವೈಸ್ ಸಿಪಿಯು ತಿನ್ನುವುದು ನಿಲ್ಲಿಸುತ್ತದೆ, ಶಬ್ದ ಅದನ್ನು ಮುಟ್ಟದೆ ಹಾಗೇ ಮುಂದೆ ಹೋಗುತ್ತದೆ. ಲೈವ್ 11 ಅಥವಾ ಅದಕ್ಕಿಂತ ಹೊಸದು ಇದ್ದರೆ ಸೆಷನ್ ವ್ಯೂನ ಮಿಕ್ಸರ್‌ನಲ್ಲಿ ಪ್ರತಿ ಟ್ರ್ಯಾಕ್‌ಗೂ ಸಿಪಿಯು ಮೀಟರ್ ತೋರಿಸಿಕೊಳ್ಳಬಹುದು. ಮೊದಲು ಅದನ್ನು ನೋಡಿ. ಹೆಚ್ಚಿನ ಸಲ ತಿನ್ನುತ್ತಿರುವುದು ಎರಡೋ ಮೂರೋ ಪ್ಲಗಿನ್. ಉಳಿದ ಇಪ್ಪತ್ತು ಪಾಪ, ಸುಮ್ಮನೆ ಬೈಗುಳ ತಿನ್ನುತ್ತವೆ.

ಆದರೆ ಆಫ್ ಅನ್ನುವುದರಲ್ಲೂ ಆಳ ಬೇರೆ ಬೇರೆ. ಇಲ್ಲಿ ಎಲ್ಲರೂ ಎಡವುತ್ತಾರೆ. ರೀಪರ್ ಅನ್ನುವ ಇನ್ನೊಂದು ಸಂಗೀತ ಸಾಫ್ಟ್‌ವೇರ್‌ನಲ್ಲಿ ಪ್ಲಗಿನ್ನನ್ನು ಬೈಪಾಸ್ ಮಾಡಬಹುದು, ಇಲ್ಲವೇ ಆಫ್‌ಲೈನ್ ಮಾಡಬಹುದು. ಬೈಪಾಸ್ ಮಾಡಿದರೆ ಪ್ಲಗಿನ್ ಮೆಮರಿಯಲ್ಲೇ ಕೂತಿರುತ್ತದೆ, ಒಂದು ಕ್ಲಿಕ್‌ಗೆ ಎದ್ದು ಬರುತ್ತದೆ. ಆಫ್‌ಲೈನ್ ಮಾಡಿದರೆ ಮೆಮರಿಯಿಂದಲೇ ಹೊರಗೆ. ಸೆಟ್ಟಿಂಗ್‌ಗಳು ಮಾತ್ರ ಪ್ರಾಜೆಕ್ಟ್‌ನಲ್ಲಿ ಉಳಿದಿರುತ್ತವೆ, ಮತ್ತೆ ಆನ್ ಮಾಡಿದಾಗ ಲೋಡ್ ಆಗಬೇಕು. ಪ್ರೊ ಟೂಲ್ಸ್‌ನಲ್ಲಿ ಬೈಪಾಸ್ ಒಂದು, ಇನ್‌ಆಕ್ಟಿವ್ ಇನ್ನೊಂದು. ಇನ್‌ಆಕ್ಟಿವ್ ಆದದ್ದರ ಹೆಸರು ಓರೆ ಅಕ್ಷರದಲ್ಲಿ ಕಾಣುತ್ತದೆ, ಹಾಗಾಗಿ ನೋಡಿದ ತಕ್ಷಣ ಗೊತ್ತಾಗುತ್ತದೆ. ಲಾಜಿಕ್‌ನಲ್ಲಿ ಮ್ಯೂಟ್ ಬಟನ್ ಅಲ್ಲದೆ ಟ್ರ್ಯಾಕ್‌ಗೇ ಒಂದು ಪವರ್ ಬಟನ್ ತರಿಸಿಕೊಳ್ಳಬಹುದು. ಕ್ಯೂಬೇಸ್‌ನಲ್ಲಿ ಟ್ರ್ಯಾಕ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸೇಬಲ್ ಮಾಡಿದರೆ ಅದರ ಇನ್‌ಸ್ಟ್ರುಮೆಂಟ್ ಹಿಡಿದುಕೊಂಡಿದ್ದ ರ‍್ಯಾಮ್ ಕೂಡ ಬಿಡುಗಡೆ. ಸಿನಿಮಾ ಹಿನ್ನೆಲೆ ಸಂಗೀತ ಮಾಡುವವರು ನೂರಾರು ಟ್ರ್ಯಾಕ್‌ಗಳ ಟೆಂಪ್ಲೇಟ್ ಇಟ್ಟುಕೊಂಡು ಬದುಕುತ್ತಿರುವುದು ಇದೇ ಧೈರ್ಯದಲ್ಲಿ. ಪಿಟೀಲು, ಚೆಲ್ಲೊ, ಕಹಳೆ, ಗಂಟೆ, ಎಲ್ಲ ಡಿಸೇಬಲ್ ಆಗಿ ಮಲಗಿರುತ್ತವೆ. ಬೇಕಾದದ್ದನ್ನು ಎಬ್ಬಿಸಿಕೊಂಡು ಬಾರಿಸುತ್ತಾರೆ. ಸ್ಯಾಂಪಲ್ ಲೈಬ್ರರಿಗಳು ಜಿಬಿಗಟ್ಟಲೆ ಇರುವಾಗ ಎಲ್ಲವನ್ನೂ ಒಟ್ಟಿಗೆ ಲೋಡ್ ಮಾಡುತ್ತೇನೆ ಅಂದರೆ ಆಗುವ ಮಾತಲ್ಲ.

ಸಿಪಿಯು ತಗ್ಗಬೇಕು, ಶಬ್ದವೂ ಕೇಳಿಸಬೇಕು ಅಂದರೆ ಅದಕ್ಕೆ ಫ್ರೀಜ್ ಇದೆ. ಟ್ರ್ಯಾಕ್‌ನ ಶಬ್ದವನ್ನು ಆಡಿಯೋ ಮಾಡಿ ಇಟ್ಟುಕೊಂಡು ಪ್ಲಗಿನ್‌ಗಳನ್ನು ವಿಶ್ರಾಂತಿಗೆ ಕಳಿಸುತ್ತದೆ. ಈಗ ಕೇಳಬೇಕಾಗಿಲ್ಲ ಅಂದರೆ ಆಫ್, ಕೇಳಬೇಕು ಆದರೆ ಬದಲಾಯಿಸಬೇಕಾಗಿಲ್ಲ ಅಂದರೆ ಫ್ರೀಜ್.

ಇನ್ನು ಮೊದಲ ಪ್ರಶ್ನೆ. ಯಾಕೆ ಇಟ್ಟುಕೊಳ್ಳಬೇಕು?

ನಾನು ಬೇರೆಯವರ ಹಾಡುಗಳನ್ನು ಮಿಕ್ಸ್ ಮಾಡುವವಳು. ಇತ್ತೀಚೆಗೆ ಮಾಡಿದ ಒಂದು ಹಾಡಿನದನ್ನೇ ಹೇಳುತ್ತೇನೆ. ಎರಡನೇ ಚರಣದಲ್ಲಿ ಕೊಳಲಿನ ಸಣ್ಣ ತುಣುಕು ಇತ್ತು. ಪ ಮ ಗ ರಿ, ನಾಲ್ಕೇ ಸ್ವರ. ಸಂಗೀತ ಮಾಡಿದವರು ಮಿಡಿ ಕೀಬೋರ್ಡ್‌ನಲ್ಲಿ (ಒತ್ತಿದ ಸ್ವರಗಳನ್ನು ನೋಟ್‌ಗಳಾಗಿ ಕಂಪ್ಯೂಟರ್‌ಗೆ ಕಳಿಸುವಂಥದ್ದು) ಕೈಯಾರೆ ಬಾರಿಸಿದ್ದರು. ಗಾಯಕಿಯ ಸಾಲು ಮುಗಿಯುವ ಜಾಗಕ್ಕೆ ಸರಿಯಾಗಿ ಅದು ಬರುತ್ತಿತ್ತು. ಆಕೆ ಕೊನೆಯ ಅಕ್ಷರವನ್ನು ಮ ಮೇಲೆ ಎಳೆದು ನಿಲ್ಲಿಸಿದ್ದಾರೆ. ಅದೇ ಹೊತ್ತಿಗೆ ಕೊಳಲಿನ ಮೂರನೇ ಸ್ವರ, ಗ. ಎರಡಕ್ಕೂ ಅರ್ಧ ಸ್ವರದ ಅಂತರ. ಬೇರೆ ಬೇರೆ ಕೇಳಿದರೆ ಇಬ್ಬರದೂ ಸರಿ. ಒಟ್ಟಿಗೆ ಕೇಳಿದರೆ ಆ ಒಂದು ಕಡೆ ಕಿವಿಗೆ ಸಣ್ಣಗೆ ಕಚ್ಚುತ್ತಿತ್ತು. ಕೊಳಲಿನ ಸದ್ದು ತಗ್ಗಿಸಿದರೆ ತುಣುಕೇ ಸೊರಗುತ್ತದೆ. ಈಕ್ಯೂನಲ್ಲಿ ಕೆತ್ತಿದರೆ ಉಳಿದ ಮೂರು ಸ್ವರಗಳಿಗೆ ಸುಮ್ನೆ ಶಿಕ್ಷೆ. ಕ್ಲಿಪ್ ಒಳಗೆ ಹೋಗಿ ಆ ಗ ಒಂದನ್ನೇ ಆಫ್ ಮಾಡಿದೆ.

ಪ, ಮ, ಸ್ವಲ್ಪ ಖಾಲಿ, ರಿ. ಆ ಖಾಲಿ ಜಾಗದಲ್ಲಿ ಗಾಯಕಿ ಉಸಿರು ಎಳೆದುಕೊಳ್ಳುವುದು ಕೇಳಿಸಿತು. ಮೊದಲು ಅದು ಕೊಳಲಿನ ಕೆಳಗೆ ಹೂತು ಹೋಗಿತ್ತು. ಸಾಲಿಗೆ ಜೀವ ಬಂತು.

ಆಮೇಲೆ ಅವರು ಹಾಡಿಲ್ಲದ, ಬರೀ ವಾದ್ಯಗಳ ಆವೃತ್ತಿಯೂ ಬೇಕು ಅಂದರು. ದನಿ ತೆಗೆದ ಮೇಲೆ ಕೇಳಿದರೆ ಕೊಳಲಿನ ನಡುವೆ ಹಲ್ಲು ಬಿದ್ದಂತೆ ಒಂದು ಸಂದು. ಅಲ್ಲಿ ಗ ವಾಪಸ್ ಬೇಕೇ ಬೇಕು. ಸೆಲೆಕ್ಟ್ ಮಾಡಿದೆ, ಸೊನ್ನೆ ಒತ್ತಿದೆ, ಬಂತು. ಬಂದದ್ದು ಅವರು ಬಾರಿಸಿದ ಅದೇ ಗ. ಅದೇ ಒತ್ತು, ಅದೇ ಉದ್ದ, ತಾಳಕ್ಕಿಂತ ಕೂದಲೆಳೆಯಷ್ಟು ಹಿಂದೆ ಬೀಳುವ ಅದೇ ಸೋಮಾರಿತನ. ಅಳಿಸಿಬಿಟ್ಟಿದ್ದರೆ ಮೌಸ್‌ನಲ್ಲಿ ಹೊಸ ಗ ಬರೆಯಬೇಕಿತ್ತು. ಗೆರೆಗೆ ಸರಿಯಾಗಿ ಕೂರುವ ಆ ಸ್ವರವನ್ನು ಕೇಳಿದ ಯಾರಾದರೂ "ಇದೊಂದು ಬೇರೆ ಯಾರೋ ಬಾರಿಸಿದ್ದು" ಅಂತ ಹೇಳಿಬಿಡುತ್ತಿದ್ದರು.

ಬೇರೆ ಸಾಫ್ಟ್‌ವೇರ್‌ನವರಿಗೆ, ಹೀಗೆ ಆಫ್ ಮಾಡಲು: ಲಾಜಿಕ್‌ನಲ್ಲಿ ಕಂಟ್ರೋಲ್ ಎಂ, ಕ್ಯೂಬೇಸ್‌ನಲ್ಲಿ ಶಿಫ್ಟ್ ಎಂ. ಪ್ರೊ ಟೂಲ್ಸ್‌ನಲ್ಲಿ ಕ್ಲಿಪ್‌ಗೆ ಮ್ಯಾಕ್ ಆದರೆ ಕಮಾಂಡ್ ಎಂ, ವಿಂಡೋಸ್ ಆದರೆ ಕಂಟ್ರೋಲ್ ಎಂ.

ಹೊಸರಾಗ:

ಅಕ್ಕ, ತುಂಬಾ ಥ್ಯಾಂಕ್ಸ್. ಡಿವೈಸ್ ಆಫ್ ಮಾಡಿ ನೋಡಿದೆ, ಮೀಟರ್ ಸರಸರ ಇಳಿಯಿತು! ತಿನ್ನುತ್ತಿದ್ದದ್ದು ರಿವರ್ಬ್ (ಕೋಣೆಯಲ್ಲಿ ಮೊಳಗಿದಂತೆ ಕೇಳಿಸುವ ಎಫೆಕ್ಟ್). ಆರು ಟ್ರ್ಯಾಕ್‌ಗೆ ಆರು ರಿವರ್ಬ್ ಹಾಕಿದ್ದೆ.

ನೋಟ್ ಆಫ್ ಮಾಡುವುದು ಅರ್ಥವಾಯಿತು. ಪ್ಲಗಿನ್ ಆಫ್ ಮಾಡಿ ಇಡುವುದು ಯಾಕೆ? ಈಕ್ಯೂ ಬೇಡ ಅಂದರೆ ಬೇಡ ಅಲ್ವಾ. ಬೇಕಾದಾಗ ಇನ್ನೊಂದು ಹಾಕಿದರಾಯಿತು.

ಫೇಡರ್‌ಅಕ್ಕ:

ಆರು ರಿವರ್ಬ್ ತೆಗೆದು ರಿಟರ್ನ್ ಟ್ರ್ಯಾಕ್‌ನಲ್ಲಿ (ಎಲ್ಲ ಟ್ರ್ಯಾಕ್‌ಗಳೂ ಹಂಚಿಕೊಳ್ಳುವ ಟ್ರ್ಯಾಕ್) ಒಂದೇ ಹಾಕಿ, ಆರು ಟ್ರ್ಯಾಕ್‌ನಿಂದಲೂ ಸೆಂಡ್ ನಾಬ್ ಮೂಲಕ ಅದಕ್ಕೆ ಶಬ್ದ ಕಳಿಸಿ. ಸಿಪಿಯು ಉಳಿಯುತ್ತದೆ, ಎಲ್ಲರೂ ಒಂದೇ ಕೋಣೆಯಲ್ಲಿ ಕೂತಂತೆಯೂ ಕೇಳುತ್ತದೆ.

ಪ್ಲಗಿನ್ ಆಫ್ ಮಾಡುವುದು ಮುಖ್ಯವಾಗಿ ಕಿವಿಗೋಸ್ಕರ. ನೀವು ಹಾಕಿದ ಕಂಪ್ರೆಸರ್ ನಿಜವಾಗಿ ಏನಾದರೂ ಒಳ್ಳೆಯದು ಮಾಡುತ್ತಿದೆಯಾ? ಅದಿಲ್ಲದೆ ಹೇಗಿತ್ತು ಅಂತ ಕೇಳದೆ ಹೇಳಲು ಆಗುವುದಿಲ್ಲ. ಅರ್ಧ ಗಂಟೆ ನಾಬ್ ತಿರುಗಿಸುತ್ತಾ ಕೂತರೆ ಕಿವಿ ಹೊಸ ಶಬ್ದಕ್ಕೆ ಒಗ್ಗಿ ಹೋಗಿರುತ್ತದೆ. ಆಫ್ ಮಾಡಿದರೆ ಒಂದೇ ಕ್ಷಣದಲ್ಲಿ ಮೊದಲಿನದು ಎದುರಿಗೆ ಬಂದು ನಿಲ್ಲುತ್ತದೆ.

ಆದರೆ ಇಲ್ಲೊಂದು ಮೋಸ ಇದೆ. ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಅಂತ ನಮ್ಮ ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಸದ್ದು ಏರಿದ ಹಾಗೆ ಬಾಸ್ ನಮಗೆ ಇನ್ನೂ ತುಂಬಿದಂತೆ ಕೇಳುತ್ತದೆ. ಇದನ್ನು ಫ್ಲೆಚರ್ ಮತ್ತು ಮನ್ಸನ್ ಅನ್ನುವ ಇಬ್ಬರು 1933ರಲ್ಲೇ ಅಳೆದು ರೇಖೆ ಹಾಕಿ ತೋರಿಸಿದ್ದಾರೆ. ಕಂಪ್ರೆಸರ್‌ನಲ್ಲಿ ಮೇಕಪ್ ಗೇನ್ (ತಗ್ಗಿದ ಸದ್ದನ್ನು ಮತ್ತೆ ಏರಿಸುವುದು) 2 ಡಿಬಿ ಜಾಸ್ತಿ ಇದ್ದರೆ, ಆಫ್ ಮಾಡಿದಾಗ ಹಾಡು ಸತ್ತಂತೆ ಕೇಳುತ್ತದೆ. ನೀವು "ಆಹಾ, ಕಂಪ್ರೆಸರ್ ಇಲ್ಲದೆ ಆಗುವುದಿಲ್ಲ" ಅನ್ನುತ್ತೀರಿ. ಅದು ಬರೀ 2 ಡಿಬಿ ಮಾತಾಡುತ್ತಿರುವುದು. ಮೊದಲು ಆನ್ ಇದ್ದಾಗಲೂ ಆಫ್ ಇದ್ದಾಗಲೂ ಸದ್ದು ಒಂದೇ ಮಟ್ಟಕ್ಕೆ ಬರುವ ಹಾಗೆ ಔಟ್‌ಪುಟ್ ಹೊಂದಿಸಿಕೊಳ್ಳಿ. ಆಮೇಲೆ ಸ್ವಿಚ್ ಮೇಲೆ ಮೌಸ್ ಇಟ್ಟು, ಕಣ್ಣು ಮುಚ್ಚಿ, ಲೆಕ್ಕ ತಪ್ಪುವ ತನಕ ಟಕಟಕ ಒತ್ತಿ. ಈಗ ಆನ್ ಇದೆಯೋ ಆಫ್ ಇದೆಯೋ ಗೊತ್ತಿರಬಾರದು. ನಿಧಾನವಾಗಿ ಒಂದೊಂದು ಸಲ ಒತ್ತುತ್ತಾ ಕೇಳಿ, ಯಾವುದು ಇಷ್ಟವೋ ಅಲ್ಲಿ ನಿಲ್ಲಿಸಿ ಕಣ್ಣು ಬಿಡಿ. ಎಷ್ಟೋ ಸಲ ನಗು ಬರುತ್ತದೆ. ದುಡ್ಡು ಕೊಟ್ಟು ತಂದ ಪ್ಲಗಿನ್ ಆಫ್ ಆಗಿರುತ್ತದೆ.

ಆಗ ತೆಗೆದುಬಿಡಬಹುದಲ್ವಾ ಅಂದರೆ, ನಾನು ತಕ್ಷಣ ತೆಗೆಯುವುದಿಲ್ಲ. ಇವತ್ತು ಬೇಡ ಅನಿಸಿದ ಈಕ್ಯೂ, ನಾಳೆ ಗಿಟಾರ್ ಸೇರಿಸಿದ ಮೇಲೆ ಬೇಕು ಅನಿಸಬಹುದು. ಅದರಲ್ಲಿ ನಾನು ಹುಡುಕಿ ಹಿಡಿದ ಫ್ರೀಕ್ವೆನ್ಸಿ ಇದೆ, ಕೆತ್ತಿದ ಅಗಲ ಇದೆ. ಹೊಸ ಈಕ್ಯೂ ಹಾಕಿದರೆ ಆ ಹುಡುಕಾಟ ಮತ್ತೆ ಮೊದಲಿನಿಂದ.

ದೋಷ ಹುಡುಕುವುದಕ್ಕಂತೂ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಹಾಡಿನಲ್ಲಿ ಎಲ್ಲೋ ಗುಂಯ್ ಅನ್ನುವ ಶಬ್ದ. 32 ಟ್ರ್ಯಾಕ್ ಇವೆ. ಒಂದೊಂದೇ ಸೋಲೋ ಮಾಡುತ್ತಾ ಕೂತರೆ ಸಂಜೆಯಾಗುತ್ತದೆ. ಅರ್ಧ, ಅಂದರೆ 16 ಟ್ರ್ಯಾಕ್ ಮ್ಯೂಟ್ ಮಾಡಿ. ಶಬ್ದ ಇನ್ನೂ ಇದೆಯಾ? ಹಾಗಾದರೆ ಕಳ್ಳ ಉಳಿದ 16ರಲ್ಲಿ. ಅದರಲ್ಲಿ ಎಂಟು ಆಫ್. ಹೀಗೆ ಐದನೇ ಸಲಕ್ಕೆ ಸಿಕ್ಕಿಬೀಳುತ್ತಾನೆ. ಟ್ರ್ಯಾಕ್ ಸಿಕ್ಕ ಮೇಲೆ ಅದರೊಳಗಿನ ಪ್ಲಗಿನ್‌ಗಳಿಗೂ ಇದೇ ಆಟ. ಪ್ರಾಜೆಕ್ಟ್ ತೆರೆಯುವಾಗಲೇ ಕ್ರ್ಯಾಶ್ ಆದರೆ ಏನು ಮಾಡುವುದು ಅಂತ ಕೇಳುವವರಿಗೆ: ರೀಪರ್‌ನಲ್ಲಿ ಫೈಲ್ ತೆರೆಯುವ ಕಿಟಕಿಯಲ್ಲೇ ಎಲ್ಲ ಎಫ್‌ಎಕ್ಸ್ ಆಫ್‌ಲೈನ್ ಇಟ್ಟು ತೆರೆಯುವ ಆಯ್ಕೆ ಇದೆ. ತೆರೆದ ಮೇಲೆ ಒಂದೊಂದಾಗಿ ಎಬ್ಬಿಸಿ. ಯಾವುದು ಬೀಳಿಸುತ್ತದೋ ಅದೇ.

ಖಾಲಿಟ್ರ್ಯಾಕ್:

ಎಲ್ಲರೂ ತಲೆಯಾಡಿಸುತ್ತಿದ್ದೀರಿ, ನಾನು ಅಡ್ಡ ಮಾತಾಡುತ್ತೇನೆ. ಈ ಅಭ್ಯಾಸದಿಂದ ಪ್ರಾಜೆಕ್ಟ್ ಕಸದ ರಾಶಿ ಆಗುತ್ತದೆ. ನನಗೆ ಮಿಕ್ಸ್‌ಗೆ ಬರುವ ಸೆಷನ್‌ಗಳಲ್ಲಿ ನಾಲ್ಕು ಸ್ನೇರ್ (ಒಂದು ಬಗೆಯ ಡ್ರಮ್) ಇರುತ್ತವೆ, ಮೂರು ಬೂದು. ಹಾಡುಗಾರರ ಆರು ಟೇಕ್, ಐದು ಬೂದು. ಬೇಕೆಂದು ಆಫ್ ಮಾಡಿದ್ದೋ, ಕೈ ತಾಗಿ ಆಫ್ ಆದದ್ದೋ ಯಾರಿಗೂ ಗೊತ್ತಿಲ್ಲ. ಫೋನ್ ಮಾಡಿ ಕೇಳಿದರೆ ಅವರಿಗೂ ನೆನಪಿಲ್ಲ.

ಇನ್ನೊಂದು, ಆಫ್ ಮಾಡುವುದು ತೀರ್ಮಾನ ಮುಂದೂಡುವ ಉಪಾಯ. ಬೇಡ ಅನ್ನುವ ಧೈರ್ಯ ಇಲ್ಲದವರು ಮಾಡುವ ಕೆಲಸ. ನಾನು ಡಿಲೀಟ್ ಮಾಡುತ್ತೇನೆ. ಅದಕ್ಕೂ ಮುಂಚೆ ಪ್ರಾಜೆಕ್ಟನ್ನು ಹೊಸ ಹೆಸರಿನಲ್ಲಿ ಸೇವ್ ಮಾಡುತ್ತೇನೆ. ಹಳೆಯದು ಬೇಕಾದರೆ ಹಳೆ ಫೈಲ್‌ನಲ್ಲಿ ಇದೆಯಲ್ಲ. ನನ್ನ ಪರದೆ ಸ್ವಚ್ಛ, ತಲೆಯೂ ಸ್ವಚ್ಛ.

ಫೇಡರ್‌ಅಕ್ಕ:

ಖಾಲಿಟ್ರ್ಯಾಕ್, ಮೊದಲನೇ ಮಾತು ಪೂರ್ತಿ ಒಪ್ಪಿದೆ. ಬೇರೆಯವರ ಕೈಗೆ ಸೆಷನ್ ಕೊಡುವಾಗ ಬೂದು ಸಾಮಾನು ಕೊಡಬಾರದು. ಹೊಸ ಹೆಸರಿನಲ್ಲಿ ಸೇವ್ ಮಾಡಿ, ಆಫ್ ಇರುವುದನ್ನೆಲ್ಲ ಅಳಿಸಿ ಕೊಡಬೇಕು. ಇಲ್ಲದಿದ್ದರೆ ಫೋಲ್ಡರ್ ಕೂಡ ದಪ್ಪವಾಗಿಯೇ ಹೋಗುತ್ತದೆ. ಕ್ಲಿಪ್ ಆಫ್ ಇದ್ದರೂ ಅದರ ಆಡಿಯೋ ಫೈಲ್ ಪ್ರಾಜೆಕ್ಟ್‌ಗೆ ಸೇರಿದ್ದೇ, ಲೈವ್‌ನಲ್ಲಿ ಕಲೆಕ್ಟ್ ಆಲ್ ಅಂಡ್ ಸೇವ್ ಮಾಡಿದರೆ ಅದೂ ಜೊತೆಗೆ ಬರುತ್ತದೆ.

ಎರಡನೇ ಮಾತು ಒಪ್ಪುವುದಿಲ್ಲ. ಹಳೆ ಫೈಲ್‌ನಲ್ಲಿ ಇದೆ ಅನ್ನುವುದು ನಿಜ, ಆದರೆ ಯಾವ ಹಳೆ ಫೈಲ್? "ಫೈನಲ್", "ಫೈನಲ್ 2", "ನಿಜವಾದ ಫೈನಲ್"... ಹೋಗಿ ಹುಡುಕಿ, ತೆರೆದು, ಅಲ್ಲಿಂದ ಎತ್ತಿಕೊಂಡು ಬರಬೇಕು. ಅದಕ್ಕಿಂತ ಮುಖ್ಯವಾಗಿ, ಹಳೆ ಫೈಲ್‌ನಲ್ಲಿ ಆ ಸ್ನೇರ್ ಹಳೆಯ ಹಾಡಿನೊಂದಿಗೆ ಇದೆ. ಇವತ್ತಿನ ಬಾಸ್, ಇವತ್ತಿನ ದನಿಯ ಜೊತೆ ಅದು ಹೇಗೆ ಕೇಳುತ್ತದೆ ಅನ್ನುವುದನ್ನು ಅಲ್ಲಿ ಕೇಳಲು ಆಗುವುದಿಲ್ಲ. ಆಫ್ ಮಾಡಿದ್ದು ಈ ಹಾಡಿನ ಒಳಗೇ ಇದ್ದುಕೊಂಡು ಹಾಡಿನ ಜೊತೆ ಮುಂದೆ ಬರುತ್ತದೆ. ಟೆಂಪೋ ಬದಲಾಯಿಸಿದಿರಿ ಅಂದುಕೊಳ್ಳಿ, ಆಫ್ ಆದ ಮಿಡಿಯೂ ಅದರ ಜೊತೆ ಸರಿಯುತ್ತದೆ. ನಡುವೆ ಎಂಟು ಬಾರ್ ಸೇರಿಸಿದರೆ ಅದೂ ಎಂಟು ಬಾರ್ ಆಚೆ ಹೋಗುತ್ತದೆ. ಹಳೆ ಫೈಲ್‌ನಿಂದ ತಂದದ್ದನ್ನು ನೀವೇ ಎತ್ತಿ ಕೂರಿಸಬೇಕು.

ಧೈರ್ಯದ ಮಾತು ಬಂತಲ್ಲ. ಆಫ್ ಮಾಡುವ ಸೌಲಭ್ಯ ಇರುವುದರಿಂದಲೇ ನಾನು ಜಾಸ್ತಿ ಕತ್ತರಿ ಆಡಿಸುತ್ತೇನೆ. ಪಲ್ಲವಿಯಲ್ಲಿ ಏಳು ಪದರ ಇದ್ದರೆ ಮೂರನ್ನು ಆಫ್ ಮಾಡಿ ಕೇಳಲು ಯೋಚನೆಯೇ ಬೇಡ. ಡಿಲೀಟ್ ಮಾಡಬೇಕು ಅಂದರೆ ಕೈ ಹಿಂಜರಿಯುತ್ತದೆ, ಏಳೂ ಉಳಿದುಕೊಂಡುಬಿಡುತ್ತವೆ. ಸಂಗೀತ ಮಾಡಿದವರು ಪಕ್ಕದಲ್ಲೇ ಕೂತಿದ್ದರಂತೂ ಕೇಳಲೇಬೇಡಿ! "ಅಳಿಸುತ್ತಿಲ್ಲ, ಬರೀ ಆಫ್ ಮಾಡಿ ಕೇಳೋಣ" ಅಂದರೆ ಒಪ್ಪುತ್ತಾರೆ. ಆ ಪದರ ಇಲ್ಲದಿದ್ದರೆ ಎಷ್ಟು ಗಾಳಿ ಆಡುತ್ತದೆ ಅಂತ ಅವರೇ ಹೇಳುತ್ತಾರೆ.

ಕಸ ಆಗದಿರಲು ನಾನು ಮಾಡುವುದು ಇಷ್ಟು. ಕೊನೆಯಲ್ಲಿ ಒಂದು ಗ್ರೂಪ್, ಹೆಸರು ಅಟ್ಟ. ಆಫ್ ಆದ ಟ್ರ್ಯಾಕ್‌ಗಳೆಲ್ಲ ಅಲ್ಲಿಗೆ ಏರುತ್ತವೆ, ಗ್ರೂಪ್ ಮಡಚಿ ಇಡುತ್ತೇನೆ. ಟ್ರ್ಯಾಕ್ ಹೆಸರಿನಲ್ಲೇ ಕಾರಣ ಬರೆಯುತ್ತೇನೆ. "ಹಳೆ ಸ್ನೇರ್, ದನಿಯ ಸ ಜೊತೆ ಜಗಳ." "ಎರಡನೇ ಗಿಟಾರ್, ಕೊನೆ ಪಲ್ಲವಿಗೆ ನೋಡಬಹುದು." ಕಾರಣ ಬರೆಯಲು ಹೊಳೆಯದೆ ಇದ್ದರೆ ಅದನ್ನು ಮಾತ್ರ ಅಳಿಸುತ್ತೇನೆ.

ಖಾಲಿಟ್ರ್ಯಾಕ್:

ಕಾರಣ ಬರೆಯುವುದು ಒಳ್ಳೆಯ ಕ್ರಮ, ಅದನ್ನು ಕದಿಯುತ್ತೇನೆ. ಉಳಿದದ್ದಕ್ಕೆ ನನ್ನ ಮತ ಬದಲಾಗಿಲ್ಲ. 😄

ಮೈಕ್‌ಮುಂದೆ:

ನಡುವೆ ಬಾಯಿ ಹಾಕುತ್ತಿದ್ದೇನೆ. ನಾನು ಹಾಡುವವನು, ಮಿಕ್ಸಿಂಗ್ ಅಷ್ಟು ಗೊತ್ತಿಲ್ಲ. ಮೊದಮೊದಲು ರೆಕಾರ್ಡ್ ಮಾಡುವಾಗ ಹೆಡ್‌ಫೋನ್‌ನಲ್ಲಿ ನನ್ನ ದನಿ ಸರಿಯಾಗಿ ಬರುತ್ತಿತ್ತು. ಈಗ ಹಾಡು ಮುಕ್ಕಾಲು ಆಗಿದೆ, ಒಂದು ಸಾಲು ಮತ್ತೆ ಹಾಡಬೇಕು. ದನಿ ತಡವಾಗಿ ಕೇಳಿಸುತ್ತಿದೆ, ಲಯ ಹಿಡಿಯಲು ಆಗುತ್ತಿಲ್ಲ. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಶಬ್ದದ ತುಂಡು) 128 ಸ್ಯಾಂಪಲ್‌ನಲ್ಲೇ ಇದೆ. ಇದಕ್ಕೂ ಆಫ್ ಮಾಡುವುದಕ್ಕೂ ಏನಾದರೂ ಸಂಬಂಧ ಇದೆಯಾ?

ಬಾಸ್‌ಲೈನ್:

ಇದೆ, ಸಂಬಂಧ ಇರುವುದೇ ಅಲ್ಲಿ. ಬಫರ್ 128, ಸ್ಯಾಂಪಲ್ ರೇಟ್ ಸೆಕೆಂಡಿಗೆ 48,000 ಅಂದರೆ ಬಫರ್‌ನಿಂದ ಆಗುವ ತಡ ಸುಮಾರು 2.7 ಮಿಲಿಸೆಕೆಂಡ್. ಅದು ಗೊತ್ತಾಗುವುದಿಲ್ಲ. ನಿಮ್ಮ ಮಾಸ್ಟರ್ ಟ್ರ್ಯಾಕ್ (ಎಲ್ಲ ಟ್ರ್ಯಾಕ್‌ಗಳೂ ಸೇರಿ ಹೊರಗೆ ಹೋಗುವ ಜಾಗ) ನೋಡಿ. ಲಿಮಿಟರ್ (ಸದ್ದು ಒಂದು ಮಟ್ಟ ಮೀರದಂತೆ ತಡೆಯುವುದು), ಲೀನಿಯರ್ ಫೇಸ್ ಅನ್ನುವ ಬಗೆಯ ಈಕ್ಯೂ ಏನಾದರೂ ಹಾಕಿದ್ದೀರಾ? ಅವು ಮುಂದೆ ಬರುವ ಶಬ್ದವನ್ನು ನೋಡಿಕೊಂಡು ಕೆಲಸ ಮಾಡುವಂಥವು. ಅದಕ್ಕಾಗಿ ಶಬ್ದವನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳುತ್ತವೆ. 4,096 ಸ್ಯಾಂಪಲ್ ಹಿಡಿದಿಟ್ಟರೆ ಅದೇ 85 ಮಿಲಿಸೆಕೆಂಡ್ ಆಯಿತು. ಆ ತಡದಲ್ಲಿ ಯಾರಿಂದಲೂ ಹಾಡಲು ಆಗುವುದಿಲ್ಲ. ಹಾಡುವ ಹೊತ್ತಿಗೆ ಅವನ್ನೆಲ್ಲ ಆಫ್ ಮಾಡಿ, ಆಮೇಲೆ ಆನ್ ಮಾಡಿಕೊಳ್ಳಿ.

ಫೇಡರ್‌ಅಕ್ಕ:

ಬಾಸ್‌ಲೈನ್ ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಬೈಪಾಸ್ ಮಾಡಿದರೆ ಈ ತಡ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ಆನ್ ಆಫ್ ಮಾಡುವಾಗ ಹಾಡು ಮುಗ್ಗರಿಸಬಾರದು ಅಂತ ಎಷ್ಟೋ ಕಡೆ ಬೈಪಾಸ್‌ನಲ್ಲೂ ಅಷ್ಟೇ ತಡವನ್ನು ಉಳಿಸಿಕೊಂಡಿರುತ್ತಾರೆ. ಪ್ರೊ ಟೂಲ್ಸ್‌ನಲ್ಲಿ ಬೈಪಾಸ್ ಸಾಲದು, ಇನ್‌ಆಕ್ಟಿವ್ ಮಾಡಬೇಕು. ಮಿಕ್ಸರ್‌ನಲ್ಲಿ ಡಿಲೇ ಕಾಂಪನ್ಸೇಶನ್ ಸಂಖ್ಯೆ (ಪ್ಲಗಿನ್‌ಗಳಿಂದ ಆಗುವ ತಡದ ಲೆಕ್ಕ) ಕಾಣುವ ಹಾಗೆ ಇಟ್ಟುಕೊಂಡರೆ ಅದು ಇಳಿಯುವುದು ಕಣ್ಣಿಗೇ ಕಾಣುತ್ತದೆ. ರೀಪರ್‌ನಲ್ಲಿ ಎಫ್‌ಎಕ್ಸ್ ಕಿಟಕಿಯ ಕೆಳಗೆ ಎಷ್ಟು ಸ್ಯಾಂಪಲ್ ಅಂತ ಬರೆದಿರುತ್ತದೆ. ಯಾವ ಸಾಫ್ಟ್‌ವೇರ್ ಆದರೂ ಆಫ್ ಮಾಡಿದ ಮೇಲೂ ದನಿ ತಡವಾಗಿಯೇ ಬರುತ್ತಿದ್ದರೆ, ಆ ಪ್ಲಗಿನ್‌ನ ಸೆಟ್ಟಿಂಗನ್ನು ಪ್ರೀಸೆಟ್ ಆಗಿ ಸೇವ್ ಮಾಡಿಕೊಂಡು, ತೆಗೆದು, ಹಾಡಿ, ಮತ್ತೆ ಹಾಕಿ. ಇಲ್ಲಿ ಖಾಲಿಟ್ರ್ಯಾಕ್ ದಾರಿಯೇ ಸರಿ.

ಮೈಕ್‌ಮುಂದೆ:

ಮಾಸ್ಟರ್‌ನಲ್ಲಿ ಲೀನಿಯರ್ ಫೇಸ್ ಈಕ್ಯೂ ಇತ್ತು! ತೆಗೆದೆ. ದನಿ ಸರಿಯಾಗಿ ಬರುತ್ತಿದೆ. ಹಾಡಿ ಬರುತ್ತೇನೆ.

ಹೊಸರಾಗ:

ಕೊನೆಯದಾಗಿ ಒಂದು ಪ್ರಶ್ನೆ. ರಿವರ್ಬನ್ನು ಒಂದು ಪದಕ್ಕೆ ಮಾತ್ರ ಕೇಳಿಸಬೇಕು ಅಂತ ಡಿವೈಸ್ ಸ್ವಿಚ್ಚನ್ನೇ ಆಟೋಮೇಟ್ ಮಾಡಿದೆ (ಹಾಡು ಓಡುವಾಗ ತಾನಾಗಿಯೇ ಆನ್ ಆಫ್ ಆಗುವ ಹಾಗೆ). ಪದ ಮುಗಿದ ತಕ್ಷಣ ಆಫ್. ಆದರೆ ಬಾಲ ಕತ್ತರಿಸಿದಂತೆ ಕೇಳುತ್ತದೆ.

ಮತ್ತೆ ಎಕ್ಸ್‌ಪೋರ್ಟ್ ಮಾಡಿದ ಫೈಲ್‌ನಲ್ಲಿ, ಆಫ್ ಮಾಡಿದ್ದು ಯಾವುದೂ ಬರುವುದಿಲ್ಲ ಅಲ್ವಾ? ಯಾಕೆ ಕೇಳಿದೆ ಅಂದರೆ, ಎಕ್ಸ್‌ಪೋರ್ಟ್ ಮಾಡಿದ ಹಾಡು ಫೋನ್‌ನ ಸ್ಪೀಕರ್‌ನಲ್ಲಿ ಕೇಳಿದರೆ ಬಾಸ್ ಇಲ್ಲದೆ ಕೀರಲಾಗಿದೆ. ಲ್ಯಾಪ್‌ಟಾಪ್‌ನಲ್ಲಿ ಹೆಡ್‌ಫೋನ್ ಹಾಕಿ ಪ್ರಾಜೆಕ್ಟ್ ಕೇಳಿದರೆ ಚೆನ್ನಾಗಿದೆ. ಮಾಸ್ಟರ್‌ನಲ್ಲಿ ಏನೂ ಇಲ್ಲ, ಹೆಡ್‌ಫೋನ್ ಸರಿಪಡಿಸುವ ಒಂದು ಪ್ಲಗಿನ್ ಬಿಟ್ಟು.

ಫೇಡರ್‌ಅಕ್ಕ:

ಕಳ್ಳ ನಿಮ್ಮ ಕೊನೆಯ ಸಾಲಿನಲ್ಲೇ ಇದ್ದಾನೆ.

ಮೊದಲು ರಿವರ್ಬ್. ಡಿವೈಸ್ ಆಫ್ ಮಾಡಿದರೆ ಅದರೊಳಗೆ ಮೊಳಗುತ್ತಿದ್ದ ಬಾಲವೂ ಅಲ್ಲೇ ನಿಲ್ಲುತ್ತದೆ. ರಿವರ್ಬ್ ಸದಾ ಆನ್ ಇರಲಿ, ರಿಟರ್ನ್ ಟ್ರ್ಯಾಕ್‌ನಲ್ಲಿ. ಅದಕ್ಕೆ ಹೋಗುವ ಸೆಂಡ್ ನಾಬನ್ನು ಆಟೋಮೇಟ್ ಮಾಡಿ. ಆ ಪದಕ್ಕೆ ಏರಿಸಿ, ಪದ ಮುಗಿದ ಮೇಲೆ ಇಳಿಸಿ. ಬಾಲ ತನ್ನ ಪಾಡಿಗೆ ಕರಗುತ್ತದೆ. ಡಿಲೇಗೂ ಹೀಗೇ. ಡಿಲೇ ಆಫ್ ಮಾಡಿ ಆಮೇಲೆ ಆನ್ ಮಾಡಿದರೆ ಕೆಲವೊಮ್ಮೆ ಒಳಗೆ ಉಳಿದಿದ್ದ ಹಳೆ ಪದ ಇದ್ದಕ್ಕಿದ್ದಂತೆ ಹೊರಗೆ ಬಂದು ಬೆಚ್ಚಿಬೀಳಿಸುತ್ತದೆ.

ಎಕ್ಸ್‌ಪೋರ್ಟ್‌ನಲ್ಲಿ ಆಫ್ ಮಾಡಿದ್ದು ಬರುವುದಿಲ್ಲ, ಸರಿ. ಆನ್ ಇರುವುದೆಲ್ಲ ಬರುತ್ತದೆ, ಅದೇ ತೊಂದರೆ. ಆ ಹೆಡ್‌ಫೋನ್ ಪ್ಲಗಿನ್ ಇರುವುದು ನಿಮ್ಮ ಹೆಡ್‌ಫೋನ್‌ನ ಊನವನ್ನು ಸರಿದೂಗಿಸುವುದಕ್ಕೆ. ನಿಮ್ಮ ಹೆಡ್‌ಫೋನ್‌ನಲ್ಲಿ ಬಾಸ್ ಉಬ್ಬಿದ್ದರೆ ಅದು ಅಷ್ಟು ಬಾಸ್ ಕತ್ತರಿಸುತ್ತದೆ. ನೀವು ಕೇಳುವಾಗ ಎರಡೂ ಸೇರಿ ಸಮ ಆಗುತ್ತದೆ. ಎಕ್ಸ್‌ಪೋರ್ಟ್ ಮಾಡಿದರೆ ಆ ಕತ್ತರಿಸಿದ ಬಾಸ್ ಹಾಡಿನಲ್ಲೇ ಅಚ್ಚಾಗಿ ಹೋಗುತ್ತದೆ, ಫೋನ್‌ನ ಸ್ಪೀಕರ್‌ಗೆ ಆ ಉಬ್ಬು ಎಲ್ಲಿಂದ ಬರಬೇಕು? ಎಕ್ಸ್‌ಪೋರ್ಟ್ ಒತ್ತುವ ಮುಂಚೆ ಅದನ್ನು ಆಫ್ ಮಾಡಿ. ಮಾಸ್ಟರಿಂಗ್‌ಗೆ ಬೇರೆಯವರಿಗೆ ಕಳಿಸುವುದಾದರೆ, ಜೋರಾಗಿ ಕೇಳಿಸಲಿ ಅಂತ ಹಾಕಿದ ಲಿಮಿಟರ್ ಕೂಡ ಆಫ್, ಆಮೇಲೆ ಮಾಸ್ಟರ್ ಮೀಟರ್ ಕೆಂಪಾಗುತ್ತಿದೆಯಾ ನೋಡಿಕೊಳ್ಳಿ.

ಪ್ರತಿ ಸಲ ನೆನಪಿಟ್ಟುಕೊಂಡು ಆಫ್ ಮಾಡುವುದು ಕಷ್ಟ ಅನ್ನುವವರಿಗೆ ರೀಪರ್‌ನಲ್ಲಿ ಮಾನಿಟರಿಂಗ್ ಎಫ್‌ಎಕ್ಸ್ ಇದೆ, ಕ್ಯೂಬೇಸ್‌ನಲ್ಲಿ ಕಂಟ್ರೋಲ್ ರೂಮ್ ಇದೆ. ಅಲ್ಲಿ ಹಾಕಿದ ಪ್ಲಗಿನ್ ನಿಮ್ಮ ಕಿವಿಗೆ ಮಾತ್ರ, ಫೈಲ್‌ಗೆ ಇಳಿಯುವುದಿಲ್ಲ. ಲೈವ್‌ನಲ್ಲಿ ನೀವು ಆ ಪ್ಲಗಿನ್‌ನ ಹೆಸರು ಬದಲಾಯಿಸಿ "ಎಕ್ಸ್‌ಪೋರ್ಟ್‌ಗೆ ಮುಂಚೆ ಆಫ್" ಅಂತ ಇಟ್ಟುಬಿಡಿ.

ಹೊಸರಾಗ:

ಆಫ್ ಮಾಡಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದೆ ಅಕ್ಕ. ಬಾಸ್ ಬಂತು. ಆದರೆ ಈಗ ಕಿಕ್ ಜಾಸ್ತಿ ಅನಿಸುತ್ತಿದೆ, ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.